ಸುಹೈಲ್ ಮೂಡಿದ ಮೇಲೂ ಇಷ್ಟು ಸೆಕೆ ಯಾಕೆ?

ಪ್ರಶ್ನೆ: ನಾವು ಕಾರ್ಕಳ ಕಡೆಯವರು. ಗಂಡನ ಕೆಲಸದ ಸಲುವಾಗಿ ಫೆಬ್ರವರಿಯಲ್ಲಿ ಶಾರ್ಜಾಕ್ಕೆ ಬಂದೆವು. ಇಲ್ಲಿ ನಮಗಿದು ಮೊದಲ ಬೇಸಿಗೆ. ಆಗಸ್ಟ್ 24ರಂದು ಎಲ್ಲರ ವಾಟ್ಸಾಪಿನಲ್ಲೂ ಒಂದೇ ಮೆಸೇಜು: "ಸುಹೈಲ್ ನಕ್ಷತ್ರ ಮೂಡಿತು, ಇನ್ನು ಸೆಕೆ ಮುಗಿಯಿತು." ಈಗ ಸೆಪ್ಟೆಂಬರ್ ಎರಡನೇ ವಾರ. ಬೆಳಗ್ಗೆ ಮಗನನ್ನು ಸ್ಕೂಲ್ ಬಸ್ಸಿಗೆ ಬಿಡಲು ಕೆಳಗಿಳಿದರೆ ಕನ್ನಡಕ ಪೂರ್ತಿ ಮಂಜಾಗುತ್ತದೆ. ಜುಲೈಗಿಂತ ಈಗಲೇ ಜಾಸ್ತಿ ಕಷ್ಟ ಅನಿಸುತ್ತಿದೆ. ಮರುಭೂಮಿಗೆ ಶರತ್ಕಾಲ ಅಂತ ಒಂದು ಇದೆಯಾ? ಇದ್ದರೆ ಅದು ಬಂತು ಅಂತ ತಿಳಿಯುವುದು ಹೇಗೆ? ಇನ್ನೊಂದು ಸಣ್ಣ ಪ್ರಶ್ನೆ, ಬಾಲ್ಕನಿಯಲ್ಲಿ ಕೊತ್ತಂಬರಿ, ಮೆಂತ್ಯೆ ಯಾವಾಗ ಬಿತ್ತಲಿ?

ಉತ್ತರ: ಶರತ್ಕಾಲ ಖಂಡಿತ ಇದೆ. ಮರುಭೂಮಿಯಲ್ಲಿ ಅದು ಮೊದಲು ಇಳಿಯುವುದು ರಾತ್ರಿಗೆ. ಹಗಲಿಗೆ ಬರುವಷ್ಟರಲ್ಲಿ ಒಂದು ತಿಂಗಳೋ ಒಂದೂವರೆ ತಿಂಗಳೋ ಕಳೆದಿರುತ್ತದೆ. ನೀವಿರುವುದು ಕಡಲ ದಂಡೆಯಲ್ಲಿ, ಅಲ್ಲಿ ಇನ್ನೂ ಸ್ವಲ್ಪ ತಡ. ಜುಲೈಗಿಂತ ಈಗ ಕಷ್ಟ ಅಂತ ನಿಮಗೆ ಅನಿಸಿದ್ದು ಸುಮ್ನೆ ಭ್ರಮೆಯಲ್ಲ, ಅದಕ್ಕೆ ಕಾರಣ ಇದೆ.

ಮೊದಲು ಸುಹೈಲ್ ವಿಷಯ ಮುಗಿಸೋಣ. ಅರಬರು ಸುಹೈಲ್ ಅನ್ನುವುದು ನಮ್ಮ ಅಗಸ್ತ್ಯ ನಕ್ಷತ್ರವನ್ನೇ. ರಾತ್ರಿಯ ಆಕಾಶದಲ್ಲಿ ಲುಬ್ಧಕ ಬಿಟ್ಟರೆ ಅದರಷ್ಟು ಪ್ರಕಾಶ ಇನ್ನೊಂದು ನಕ್ಷತ್ರಕ್ಕಿಲ್ಲ. ಬೇಸಿಗೆಯಲ್ಲಿ ಕೆಲವು ತಿಂಗಳು ಅದು ಸೂರ್ಯನ ಜೊತೆಜೊತೆಗೇ ಹಗಲಲ್ಲಿ ಆಕಾಶ ದಾಟುವುದರಿಂದ ಕಾಣಿಸುವುದಿಲ್ಲ. ಆಗಸ್ಟ್ ಕೊನೆಗೆ ಸೂರ್ಯನಿಗಿಂತ ಮುಕ್ಕಾಲು ಗಂಟೆ ಮೊದಲೇ ಹುಟ್ಟುವಷ್ಟು ಮುಂದೆ ಬರುತ್ತದೆ. ಆಗ ನಸುಕಿನ ಐದೂಕಾಲರ ಹೊತ್ತಿಗೆ ಆಗ್ನೇಯ ದಿಕ್ಕಿನಲ್ಲಿ, ನೆಲಕ್ಕೆ ತಾಗಿದ ಹಾಗೆ, ಒಂದೆರಡು ನಿಮಿಷ ಕಂಡು ಬೆಳಕಿನಲ್ಲಿ ಕರಗಿಹೋಗುತ್ತದೆ. ಆಗಸ್ಟ್ 24 ಅಂದರೆ ಇದೇ ಲೆಕ್ಕ. ದಕ್ಷಿಣದಲ್ಲಿರುವ ಒಮಾನ್, ಯೆಮನ್ ಕಡೆ ಇನ್ನೂ ಬೇಗ ಕಾಣುತ್ತದೆ. ಉತ್ತರದ ಕುವೈತ್‌ನಲ್ಲಿ ಸೆಪ್ಟೆಂಬರ್ ಮೊದಲ ವಾರ ಆಗುತ್ತದೆ.

ಅದಾದ ಮೇಲೆ ದಿನಕ್ಕೆ ನಾಲ್ಕು ನಿಮಿಷದಷ್ಟು ಬೇಗ ಹುಟ್ಟುತ್ತಾ ಹೋಗುತ್ತದೆ. ಸೆಪ್ಟೆಂಬರ್ ಕೊನೆಗೆ ನಸುಕಿನ ಮೂರರೊಳಗೇ ಎದ್ದಿರುತ್ತದೆ. ನಿಮಗೆ ನೋಡಬೇಕಿದ್ದರೆ ಈಗಿಗಿಂತ ಅದು ಒಳ್ಳೆಯ ಸಮಯ. ಶಾರ್ಜಾದಿಂದ ಅದು ಎಷ್ಟೇ ಮೇಲೇರಿದರೂ ಸುಮಾರು 12 ಡಿಗ್ರಿ, ಅಂದರೆ ಚಾಚಿದ ಕೈಯ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ. ಎದುರಿಗೆ ಒಂದು ಕಟ್ಟಡ ಇದ್ದರೆ ಮುಗಿಯಿತು. ಕಾರ್ಕಳದಲ್ಲಿ ಇದೇ ನಕ್ಷತ್ರ ಎರಡು ಪಟ್ಟು ಎತ್ತರಕ್ಕೆ ಹೋಗುತ್ತದೆ. ಆದರೆ ಅಲ್ಲಿ ಆ ತಿಂಗಳಲ್ಲಿ ಮೋಡ ಬಿಡಬೇಕಲ್ಲ!

ಈಗ ವಾಟ್ಸಾಪ್ ಮೆಸೇಜಿನ ತಪ್ಪು ಎಲ್ಲಿದೆ ನೋಡಿ. ಅರಬ್ ಹಿರಿಯರ ಕಾಲಗಣನೆಯಲ್ಲಿ ಸುಹೈಲ್ ಒಂದು ದಿನವಲ್ಲ, 53 ದಿನಗಳ ಒಂದು ಅವಧಿ. ಆಗಸ್ಟ್ 24ಕ್ಕೆ ಶುರುವಾಗಿ ಅಕ್ಟೋಬರ್ 15ಕ್ಕೆ ಮುಗಿಯುತ್ತದೆ. ಮರುದಿನದಿಂದ ವಸ್ಮ್ ಅನ್ನುವ 52 ದಿನಗಳ ಅವಧಿ. ಆಗ ಬೀಳುವ ಮಳೆಯಿಂದಲೇ ಮರುಭೂಮಿಯಲ್ಲಿ ಹುಲ್ಲು ಬರುವುದು. ವಸ್ಮ್ ಮಳೆ ಚೆನ್ನಾಗಿ ಆದ ವರ್ಷ ಕುವೈತ್, ಸೌದಿ ಕಡೆಯ ಮರಳಿನಲ್ಲಿ ಫಗ್ಗಾ ಅನ್ನುವ ನೆಲದಡಿಯ ಅಣಬೆಯೂ ಸಿಗುತ್ತದೆ. ಕೊಲ್ಲಿಯ ಮೀನುಗಾರರು, ಖರ್ಜೂರದ ತೋಟದವರು ಇನ್ನೊಂದು ಲೆಕ್ಕವನ್ನೂ ಇಟ್ಟುಕೊಂಡಿದ್ದರು. ಸುಹೈಲ್ ಮೂಡಿದಲ್ಲಿಂದ ಹತ್ತು ಹತ್ತು ದಿನಕ್ಕೆ ಒಂದು ದರ್. ಹೀಗೆ ಎಣಿಸಿ ವರ್ಷವನ್ನು ಮೂರು ನೂರು, ಒಂದು ಅರವತ್ತು, ಕೊನೆಗೆ ಉಳಿದ ಐದು ದಿನ ಅಂತ ಹಂಚುತ್ತಿದ್ದರು. ಅಂದರೆ ನಕ್ಷತ್ರ ಎಣಿಕೆಯ ಮೊದಲ ಗುರುತು ಮಾತ್ರ. ಅದು ಕಂಡ ದಿನವೇ ತಂಪು ಅಂತ ಅವರು ಯಾರೂ ಹೇಳಿರಲಿಲ್ಲ.

ಅವರು ಹೇಳಿದ್ದು ಸುಹೈಲ್ ಬಂದರೆ ರಾತ್ರಿ ತಂಪಾಗುತ್ತದೆ ಅಂತ. ರಾತ್ರಿ ಅನ್ನುವುದನ್ನು ಗಮನಿಸಿ. ಇನ್ನೊಂದು ಸಂಗತಿ, ಇದು ಮುಖ್ಯವಾಗಿ ಒಳನಾಡಿನವರ, ಒಂಟೆ ಮೇಯಿಸುವವರ ಅನುಭವದ ಮಾತು ಅಂತ ನನ್ನ ಅಂದಾಜು. ರಿಯಾದ್‌ನಂಥ ಒಳನಾಡಿನ ಊರಿನಲ್ಲಿ ಗಾಳಿ ಒಣ. ಮರಳು ಹಗಲಲ್ಲಿ ಕಾದದ್ದನ್ನು ರಾತ್ರಿ ಬೇಗ ಬಿಟ್ಟುಕೊಡುತ್ತದೆ. ಆಗಸ್ಟಿನಲ್ಲಿ 29 ಡಿಗ್ರಿ ಸುತ್ತ ಇರುವ ರಾತ್ರಿಯ ಉಷ್ಣತೆ ಅಕ್ಟೋಬರ್ ಹೊತ್ತಿಗೆ 21ರ ಹತ್ತಿರ ಬರುತ್ತದೆ. ಅಲ್ಲಿರುವವರಿಗೆ ಸುಹೈಲ್ ಮಾತು ಕೊಡುವ ನಕ್ಷತ್ರವೇ.

ನಿಮಗೆ ಯಾಕೆ ಹಾಗಲ್ಲ ಅಂದರೆ, ಪಕ್ಕದಲ್ಲಿ ಕಡಲಿದೆ. ಅದು ಅರಬ್ಬೀ ಸಮುದ್ರದಂಥ ಕಡಲೂ ಅಲ್ಲ. ಈ ಕೊಲ್ಲಿಯ ಸರಾಸರಿ ಆಳ ಬರೀ 35 ಮೀಟರ್ ಆಸುಪಾಸು. ಪರಾತದಲ್ಲಿ ಹಾಕಿ ಬಿಸಿಲಿಗೆ ಇಟ್ಟ ನೀರಿನ ಹಾಗೆ ಅದು ಕಾಯುತ್ತದೆ. ಜೂನ್, ಜುಲೈ ಪೂರ್ತಿ ಕಾದು ಆಗಸ್ಟ್ ಹೊತ್ತಿಗೆ ಮೇಲಿನ ನೀರು 33 ಡಿಗ್ರಿಯನ್ನೂ ದಾಟುತ್ತದೆ. ಆಗ ಮಂಗಳೂರಿನ ಕಡಲು 28ರ ಆಸುಪಾಸಿನಲ್ಲಿರುತ್ತದೆ. ಕಾದ ನೀರಿನಿಂದ ಏಳುವ ಆವಿಯೂ ಜಾಸ್ತಿ. ಸೌದಿಯ ದಹ್ರಾನ್‌ನಲ್ಲಿ 2003ರ ಜುಲೈ 8ರಂದು ಇಬ್ಬನಿ ಬಿಂದು 35 ಡಿಗ್ರಿ ದಾಖಲಾಗಿತ್ತು. ಅಂದರೆ 35 ಡಿಗ್ರಿಯಷ್ಟು ಬೆಚ್ಚಗಿನ ವಸ್ತುವಿನ ಮೇಲೂ ನೀರ ಹನಿ ಕೂರುವಷ್ಟು ತೇವ. ನಿಮ್ಮ ಕನ್ನಡಕ ಎ.ಸಿ.ಯಲ್ಲಿ 24ಕ್ಕೆ ತಣ್ಣಗಾಗಿರುತ್ತದೆ. ಮಂಜಾಗದೆ ಇನ್ನೇನು ಮಾಡೀತು?

ಜುಲೈಯಲ್ಲಿ ಇದರಷ್ಟೇ ತೇವ ಏಳುತ್ತಿತ್ತು, ಆದರೆ ಅದನ್ನು ಓಡಿಸಲು ಗಾಳಿ ಇತ್ತು. ಪಾಕಿಸ್ತಾನ, ರಾಜಸ್ಥಾನದ ಮೇಲೆ ಬೇಸಿಗೆಯಲ್ಲಿ ಒತ್ತಡ ತೀರಾ ಕಡಿಮೆ ಇರುತ್ತದೆ. ನಮ್ಮ ಮುಂಗಾರನ್ನು ಎಳೆಯುವುದೂ ಅದೇ. ಅದೇ ಎಳೆತಕ್ಕೆ ಇರಾಕ್ ಕಡೆಯಿಂದ ವಾಯವ್ಯದ ಒಣಗಾಳಿ, ಶಮಾಲ್, ಕೊಲ್ಲಿಯುದ್ದಕ್ಕೂ ಬೀಸುತ್ತದೆ. ಧೂಳು ತರುತ್ತದೆ ನಿಜ, ಆದರೆ ಬೆವರನ್ನು ಆರಿಸುತ್ತದೆ. ಆಗಸ್ಟ್ ಕೊನೆಗೆ ಆ ಎಳೆತ ಸಡಿಲವಾಗುತ್ತದೆ. ಪಶ್ಚಿಮ ರಾಜಸ್ಥಾನದಿಂದ ಮುಂಗಾರು ಹಿಂದೆ ಸರಿಯುವ ವಾಡಿಕೆಯ ದಿನ ಸೆಪ್ಟೆಂಬರ್ 17. ಶಮಾಲ್ ಸುಮ್ಮನಾಗಿದೆ, ಚಳಿಗಾಲದ ಒಣಗಾಳಿ ಇನ್ನೂ ಶುರುವಾಗಿಲ್ಲ, ಕಡಲು ಮಾತ್ರ ಪೂರ್ತಿ ಕಾದಿದೆ. ಈ ಮಧ್ಯದ ನಾಲ್ಕೈದು ವಾರದಲ್ಲೇ ನೀವೀಗ ಸಿಕ್ಕಿಕೊಂಡಿರುವುದು. ಉಷ್ಣತೆ ಇಳಿದಿದೆ, ಸೆಕೆ ಏರಿದೆ. ಎರಡೂ ನಿಜ.

ಅಂಕಿಯಲ್ಲಿ ಹೇಳುವುದಾದರೆ ದುಬೈ ವಿಮಾನ ನಿಲ್ದಾಣದ ಸರಾಸರಿ ಗರಿಷ್ಠ ಆಗಸ್ಟಿನಲ್ಲಿ 41, ಸೆಪ್ಟೆಂಬರಿನಲ್ಲಿ 39, ಅಕ್ಟೋಬರಿನಲ್ಲಿ 35, ನವೆಂಬರಿನಲ್ಲಿ 30 ಡಿಗ್ರಿ ಆಸುಪಾಸು. ರಾತ್ರಿಯ ಕನಿಷ್ಠ ಇದೇ ತಿಂಗಳುಗಳಲ್ಲಿ 30, 27, 24, 20ರ ಆಸುಪಾಸು. ನಮ್ಮ ಮೈಗೆ 41ಕ್ಕೂ 39ಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ರಾತ್ರಿ 30 ಇದ್ದದ್ದು 27 ಆದರೆ ಗೋಡೆ, ನೆಲ, ನೀರಿನ ಟ್ಯಾಂಕು ಎಲ್ಲಕ್ಕೂ ಗೊತ್ತಾಗುತ್ತದೆ. ಹಾಗಾಗಿ ಮೊಬೈಲಿನಲ್ಲಿ ಹವಾಮಾನ ನೋಡುವಾಗ ಮೇಲಿನ ಅಂಕಿ ಬಿಡಿ, ಕೆಳಗಿನದ್ದನ್ನು ನೋಡಿ.

ಮನೆಯೊಳಗೆ ನನಗೆ ಅತಿ ನಂಬಿಕೆ ಇರುವ ಉಪಕರಣ ಬಚ್ಚಲುಮನೆಯ ನಲ್ಲಿ. ನಿಮ್ಮ ಕಟ್ಟಡದ ಟ್ಯಾಂಕು ತಾರಸಿಯ ಮೇಲಿದ್ದರೆ ಈ ಬೇಸಿಗೆಯಲ್ಲಿ ನೀವೂ ಕಲಿತಿರುತ್ತೀರಿ. ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ. ಗೀಸರಿನ ಸ್ವಿಚ್ ಆರಿಸಿಟ್ಟು, ಮನೆಯ ಎ.ಸಿ. ತಂಪಿನಲ್ಲಿ ಕೂತ ಆ ನೀರನ್ನೇ ತಣ್ಣೀರು ಅಂತ ಬಳಸಬೇಕು. ಕೊಲ್ಲಿಯಲ್ಲಿ ಇರುವವರೆಲ್ಲ ಮಾಡುವುದು ಇದನ್ನೇ. ತಾರಸಿಯ ಟ್ಯಾಂಕು ಹಗಲ ಬಿಸಿಲನ್ನೂ ರಾತ್ರಿಯ ತಂಪನ್ನೂ ಒಟ್ಟಿಗೆ ಸೇರಿಸಿ ಸರಾಸರಿ ತೆಗೆಯುತ್ತದೆ. ಅದಕ್ಕೆ ಬೆವರಿಲ್ಲ, ಆದ್ದರಿಂದ ತೇವದ ಗೊಂದಲವೂ ಇಲ್ಲ. ಬೆಳಗ್ಗೆ ಆರಕ್ಕೆ ನಲ್ಲಿಯ ನೀರು ಕೈಗೆ ಹಿತ ಅನಿಸಿದ ವಾರ ರಾತ್ರಿಗಳಿಗೆ ಶರತ್ಕಾಲ ಬಂದಿದೆ. ಮಧ್ಯಾಹ್ನದ ನೀರೂ ಹಿತ ಅನಿಸಿದರೆ ಹಗಲಿಗೂ ಬಂದಿದೆ. ಗೀಸರನ್ನು ಗೀಸರಾಗಿ ಬಳಸುವ ದಿನ ಬಂದರೆ ಅದು ಚಳಿಗಾಲ.

ಎ.ಸಿ. ಪೈಪನ್ನೂ ಗಮನಿಸಿ. ಅದರಿಂದ ತೊಟ್ಟಿಕ್ಕುವ ನೀರು ಗಾಳಿಯ ತೇವವೇ. ಈಗ ಬಕೆಟ್ ತುಂಬುತ್ತಿರಬೇಕು. ಒಂದು ದಿನ ಅದೇ ಎ.ಸಿ. ಅಷ್ಟೇ ಹೊತ್ತು ಓಡಿದರೂ ಕಾಲು ಬಕೆಟ್ ತುಂಬುವುದಿಲ್ಲ. ಒಣಗಾಳಿ ಮರಳಿದೆ ಅಂತ ಅರ್ಥ.

ಮಗನಿಗೊಂದು ಆಟ ಹೇಳುತ್ತೇನೆ. ಒಂದು ಮೀಟರ್ ಉದ್ದದ ಕೋಲನ್ನು ಮಧ್ಯಾಹ್ನ ಹನ್ನೆರಡೂಕಾಲರ ಹೊತ್ತಿಗೆ ನೆಟ್ಟಗೆ ನಿಲ್ಲಿಸಿ ನೆರಳು ಅಳೆಯಲಿ. ಜೂನ್ 21ರಂದು ನೆರಳು ಬರೀ 3 ಸೆಂಟಿಮೀಟರ್ ಇತ್ತು, ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ. ಸೆಪ್ಟೆಂಬರ್ 23ಕ್ಕೆ ಅದು 47 ಸೆಂಟಿಮೀಟರ್ ಆಗುತ್ತದೆ. ಡಿಸೆಂಬರ್ 21ಕ್ಕೆ ಕೋಲಿಗಿಂತಲೂ ಉದ್ದ, ಸುಮಾರು 1 ಮೀಟರ್ 14. ನಿಮ್ಮ ಬಾಲ್ಕನಿ ದಕ್ಷಿಣಕ್ಕಿದ್ದರೆ ಕೋಲೂ ಬೇಡ. ಜೂನಿನಲ್ಲಿ ಒಳಗೆ ಬಾರದೆ ನಿಂತಿದ್ದ ಮಧ್ಯಾಹ್ನದ ಬಿಸಿಲು ಈಗ ಬಾಗಿಲ ಹತ್ತಿರ ಬಂದಿರುತ್ತದೆ, ನವೆಂಬರಿನಲ್ಲಿ ಸೋಫಾದವರೆಗೂ ಬರುತ್ತದೆ. ಬಿಸಿಲು ಮನೆಯೊಳಗೆ ಬರುತ್ತಿದೆ ಅಂದರೆ ಬೇಸಿಗೆ ಹೊರಟಿದೆ ಅಂತ. ಕೇಳಲು ತಿರುಗುಮುರುಗು ಅನಿಸಿದರೂ ಲೆಕ್ಕ ಸರಿಯೇ.

ಸರ್ಕಾರಕ್ಕೂ ಒಂದು ಲೆಕ್ಕ ಇದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಇನ್ನು ಕೆಲವೇ ದಿನಗಳಲ್ಲಿ ಆ ನಿಯಮದ ಅವಧಿ ಮುಗಿಯುತ್ತದೆ. ನಿಮ್ಮ ಕನ್ನಡಕ ಮಂಜಾಗುತ್ತಿರುವ ಇದೇ ವಾರಗಳಲ್ಲಿ ಕಟ್ಟಡ ಕೆಲಸದವರು ಮಧ್ಯಾಹ್ನವೂ ಸೆಂಟ್ರಿಂಗ್ ಮೇಲೆ ನಿಂತಿರುತ್ತಾರೆ. ಈ ದಿನಾಂಕವನ್ನು ಉಷ್ಣತೆ ಒಂದನ್ನೇ ನೋಡಿ ಇಡದೆ ತೇವವನ್ನೂ ಸೇರಿಸಿ ಇಟ್ಟಿದ್ದರೆ ಇನ್ನೆರಡು ವಾರ ಮುಂದೆ ಹೋಗಬೇಕಿತ್ತು ಅಂತ ನನ್ನ ಅಭಿಪ್ರಾಯ.

ಇನ್ನು ಮಂಜು. ಸೆಪ್ಟೆಂಬರಿನಲ್ಲಿ ಲೀವಾ, ಅಲ್ ಐನ್ ರಸ್ತೆಗಳಲ್ಲಿ ಬೆಳಗ್ಗೆ ದಟ್ಟ ಮಂಜಿನ ಎಚ್ಚರಿಕೆ ಬರಲು ಶುರುವಾಗುತ್ತದೆ. ಮರುಭೂಮಿಯಲ್ಲಿ ಮಂಜು ಅಂದರೆ ಹೊಸಬರು ನಂಬುವುದಿಲ್ಲ. ಹಗಲಲ್ಲಿ ಕಡಲಗಾಳಿ ತೇವವನ್ನು ಒಳನಾಡಿಗೆ ಹೊತ್ತು ತರುತ್ತದೆ. ರಾತ್ರಿ ಆಕಾಶ ಶುಭ್ರ, ಗಾಳಿ ನಿಶ್ಚಲ, ಮರಳು ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿ ಇಬ್ಬನಿ ಬಿಂದುವಿಗೆ ಇಳಿಯಿತೋ, ಮಂಜು ಕಟ್ಟುತ್ತದೆ. ಜುಲೈಯಲ್ಲಿ ಗಾಳಿ ಜೋರಾಗಿತ್ತು, ರಾತ್ರಿಯೂ ಚಿಕ್ಕದಿತ್ತು. ಈಗ ಎರಡೂ ಬದಲಾಗಿವೆ. ನಿಮ್ಮ ಯಜಮಾನರು ನಸುಕಿನಲ್ಲಿ ಆ ಕಡೆ ಕಾರು ಓಡಿಸುವವರಾದರೆ ಈ ಗುರುತನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಹಾಗೆಯೇ ಬೆಟ್ಟದ ಕಣಿವೆಗಳಿಗೆ ಪಿಕ್‌ನಿಕ್ ಹೋಗುವಾಗಲೂ. ಸುಹೈಲ್ ಬಂದ ಮೇಲೆ ಪ್ರವಾಹವನ್ನು ನಂಬಬೇಡ ಅಂತ ಅರಬರಲ್ಲಿ ಇನ್ನೊಂದು ಮಾತಿದೆ. ಮುಂಗಾರು ಮುಗಿಯುತ್ತಿದ್ದಂತೆ ಅರಬ್ಬೀ ಸಮುದ್ರದಲ್ಲಿ ಚಂಡಮಾರುತದ ಕಾಲ ಶುರು. 2021ರ ಅಕ್ಟೋಬರ್ 3ರಂದು ಶಾಹೀನ್ ಚಂಡಮಾರುತ ಒಮಾನಿನ ಉತ್ತರ ಕರಾವಳಿಗೆ ಅಪ್ಪಳಿಸಿತ್ತು.

ಎಲೆ ನೋಡಿ ಋತು ಹೇಳುವ ಆಸೆ ಬಿಡಿ. ಇಲ್ಲಿಯ ಗಾಫ್ ಮರ ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿ. ವಿಜಯದಶಮಿಗೆ ಎಲೆ ಹಂಚಿಕೊಳ್ಳುತ್ತೇವಲ್ಲ, ಅದೇ ಜಾತಿ. 2008ರಲ್ಲಿ ಎಮಿರೇಟ್ಸ್ ಇದನ್ನು ರಾಷ್ಟ್ರೀಯ ಮರ ಅಂತ ಘೋಷಿಸಿತು. ಬೇರು ಬಹಳ ಆಳದ ನೀರಿಗೆ ಇಳಿದಿರುವುದರಿಂದ ಅದು ಮೇಲಿನ ಸೆಕೆಗೆ ಸೊಪ್ಪು ಹಾಕುವುದಿಲ್ಲ, ವರ್ಷವಿಡೀ ಹಸಿರು. ದಸರಾ ಬಂತು ಅಂತ ಕೊಂಬೆ ಮುರಿಯಲು ಹೋಗಬೇಡಿ ಮತ್ತೆ. ಇಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಇದೆ.

ನೋಡಬೇಕಾದದ್ದು ಸಿದ್ರ್ ಮರ. ನಮ್ಮ ಬೋರೆಯ ಹತ್ತಿರದ ಸಂಬಂಧಿ. ಪಾರ್ಕಿನಲ್ಲಿ, ಹಳೆ ಬಡಾವಣೆಗಳ ಕಾಂಪೌಂಡಿನಲ್ಲಿ ಸಿಗುತ್ತದೆ. ಅಕ್ಟೋಬರಿನಲ್ಲಿ ಅದಕ್ಕೆ ಹಸಿರು ಮಿಶ್ರಿತ ಹಳದಿಯ ಪುಟ್ಟ ಪುಟ್ಟ ಹೂ ಬರುತ್ತದೆ. ದೂರಕ್ಕೆ ಕಾಣುವುದಿಲ್ಲ, ಜೇನುನೊಣದ ಸದ್ದಿನಿಂದ ಗೊತ್ತಾಗಬೇಕು. ಅಂಗಡಿಯಲ್ಲಿ ಬೆಲೆ ಕೇಳಿ ಬೆಚ್ಚಿಬೀಳುವ ಸಿದ್ರ್ ಜೇನು ಈ ಹೂವಿನದ್ದೇ. ಮರಳಿನಲ್ಲಿ ರಿಮ್ತ್ ಅನ್ನುವ ಪೊದೆ ಇದೆ. ವರ್ಷವೆಲ್ಲ ಒಣಕಡ್ಡಿಯಂತೆ ನಿಂತಿರುತ್ತದೆ. ಅದು ಹೂ ಬಿಡುವುದೂ ಈ ಕಾಲದಲ್ಲೇ, ಒಂದು ಹನಿ ಮಳೆ ಬೀಳುವ ಮೊದಲೇ. ಖರ್ಜೂರದ ತೋಟದಲ್ಲಿ ಮಾತ್ರ ಎಲ್ಲ ಉಲ್ಟಾ. ರಸ ತುಂಬಿದ ರುತಬ್ ಕಾಲ ಮುಗಿದು ಒಣಗಿದ ತಮ್ರ್ ಪೆಟ್ಟಿಗೆಗೆ ಬಿದ್ದಿರುತ್ತದೆ.

ಎಲ್ಲಕ್ಕಿಂತ ಚಂದದ ಗುರುತು ಹಕ್ಕಿಗಳು. ಇದರ ಬಗ್ಗೆ ಬರೆಯಲು ಶುರು ಮಾಡಿದರೆ ನಾನು ನಿಲ್ಲಿಸುವುದಿಲ್ಲ, ಸಂಪಾದಕರು ಈಗಾಗಲೇ ಎಚ್ಚರಿಸಿದ್ದಾರೆ. ಮಧ್ಯ ಏಷ್ಯಾ, ರಷ್ಯಾ ಕಡೆಯಿಂದ ಆಫ್ರಿಕಕ್ಕೆ ಹೋಗುವ ದಾರಿಯಲ್ಲಿ ಕೊಲ್ಲಿಯಿದೆ. ಈ ತಿಂಗಳು ನಿಮ್ಮ ಮನೆ ಹತ್ತಿರದ ಪಾರ್ಕಿಗೆ ಬೆಳಗ್ಗೆ ಹೋದರೆ ನೀರುಣಿಸಿದ ಹುಲ್ಲಿನಲ್ಲಿ ಚಂದ್ರಮುಕುಟ ಕೊಕ್ಕಿನಿಂದ ನೆಲ ಕುಕ್ಕುತ್ತಿರುವುದು ಕಾಣಬಹುದು. ಊರಿನಲ್ಲಿ ನೋಡಿರುತ್ತೀರಿ, ತಲೆಯ ಮೇಲೆ ಬೀಸಣಿಗೆಯಂಥ ಜುಟ್ಟಿನ ಹಕ್ಕಿ. ವೈರಿನ ಮೇಲೆ ಜೇನುಹಿಡುಕಗಳ ಸಾಲು ಕೂತಿರುತ್ತದೆ, ನಾಳೆ ಇರುವುದಿಲ್ಲ. ಅಕ್ಟೋಬರಿನಲ್ಲಿ ಕುಂಡೆಕುಸ್ಕಗಳು ಬಾಲ ಕುಣಿಸುತ್ತಾ ಪಾರ್ಕಿಂಗ್ ಜಾಗದಲ್ಲೇ ಓಡಾಡುತ್ತವೆ. ಹೆಚ್ಚುಕಡಿಮೆ ಅದೇ ವಾರಗಳಲ್ಲಿ ಕಾರ್ಕಳದ ಗದ್ದೆಗಳಿಗೂ ಅವು ಇಳಿಯುತ್ತವೆ. ಅಮ್ಮನಿಗೆ ಫೋನ್ ಮಾಡಿ ಕೇಳಿ ನೋಡಿ, ಯಾರಿಗೆ ಮೊದಲು ಕಂಡಿತು ಅಂತ.

ಒಂದು ರಜೆಯ ದಿನ ಉಮ್ ಅಲ್ ಕುವೈನ್ ಕಡೆ ಹೋಗಿ. ಅಲ್ಲಿಯ ಸೀನಿಯಾ ದ್ವೀಪದಲ್ಲಿ ಸೊಕೋತ್ರ ನೀರುಕಾಗೆಗಳು ಗೂಡು ಮಾಡುವುದು ಇದೇ ಕಾಲದಲ್ಲಿ. ಸಾವಿರಾರು ಹಕ್ಕಿಗಳು ಕಡಲಿಗೆ ತಾಗಿದ ಹಾಗೆ ಉದ್ದ ಕರಿ ಸಾಲಾಗಿ ಹಾರುತ್ತವೆ. ಈ ಹಕ್ಕಿ ಅರೇಬಿಯದ ಸುತ್ತಮುತ್ತ ಬಿಟ್ಟರೆ ಬೇರೆಲ್ಲೂ ಗೂಡು ಕಟ್ಟುವುದಿಲ್ಲ. ದುಬೈಯ ರಾಸ್ ಅಲ್ ಖೋರ್‌ನಲ್ಲಿ ಫ್ಲೆಮಿಂಗೊಗಳ ಸಂಖ್ಯೆ ಏರುವುದಕ್ಕೆ ನವೆಂಬರ್ ಬರಬೇಕು, ಅವಸರ ಬೇಡ.

ಮರಳಿಗೆ ಹೋದರೆ ಧಬ್ ಅನ್ನುವ ಮುಳ್ಳುಬಾಲದ ದಪ್ಪ ಹಲ್ಲಿಯನ್ನು ಹುಡುಕಿ. ಕಡು ಬೇಸಿಗೆಯಲ್ಲಿ ಅದು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊರಬಂದು ಮಧ್ಯಾಹ್ನ ಬಿಲ ಸೇರುತ್ತದೆ. ತಂಪಾಗುತ್ತಾ ಬಂದಂತೆ ಆ ಎರಡು ಪಾಳಿ ಒಂದಾಗಿ, ಹೊರಗೆ ಬರುವುದೇ ನಡು ಹಗಲಲ್ಲಿ. ಮಧ್ಯಾಹ್ನ ಹನ್ನೆರಡಕ್ಕೆ ಧಬ್ ಆರಾಮಾಗಿ ಬಿಸಿಲು ಕಾಯಿಸುತ್ತಾ ಕೂತಿದ್ದರೆ ನೀವೂ ಛತ್ರಿ ಇಲ್ಲದೆ ನಡೆಯಬಹುದು.

ಒಟ್ಟಿನಲ್ಲಿ ನಿಮ್ಮ ಶಾರ್ಜಾಕ್ಕೆ ನಾನು ಕೊಡುವ ಅಂದಾಜು ಹೀಗೆ. ಸೆಪ್ಟೆಂಬರ್ ಕೊನೆಗೆ ನಸುಕು ಹಗುರಾಗುತ್ತದೆ. ಅಕ್ಟೋಬರ್ ಮಧ್ಯಕ್ಕೆ ಸಂಜೆ ಮಗನನ್ನು ಆಟಕ್ಕೆ ಬಿಡಬಹುದು. ನವೆಂಬರ್ ಮೊದಲ ವಾರಕ್ಕೆ ಮಧ್ಯಾಹ್ನವೂ ಸಹ್ಯ. ಒಂದೊಂದು ವರ್ಷ ಹತ್ತು ದಿನ ಹಿಂದೆಮುಂದೆ ಆಗುತ್ತದೆ.

ಈಗ ಬಾಲ್ಕನಿ. ಕೊತ್ತಂಬರಿ ಬೀಜ ಮಣ್ಣು 30 ಡಿಗ್ರಿ ದಾಟಿದ್ದರೆ ಸರಿಯಾಗಿ ಮೊಳೆಯುವುದಿಲ್ಲ. ಮೊಳೆತರೂ ಸೊಪ್ಪಾಗುವ ಮೊದಲೇ ಹೂ ಬಿಟ್ಟು ಮುಗಿಯುತ್ತದೆ. ಆದ್ದರಿಂದ ಮಧ್ಯಾಹ್ನದ ನಲ್ಲಿ ನೀರು ಕೈಗೆ ಹಿತ ಅನಿಸುವವರೆಗೆ ಕಾಯಿರಿ, ಅಂದರೆ ಅಕ್ಟೋಬರ್ ಕೊನೆ. ಮೆಂತ್ಯೆ ಒಂದು ವಾರ ಮೊದಲು ಹಾಕಿದರೂ ನಡೆಯುತ್ತದೆ. ಕೈ ಸುಮ್ಮನಿರದಿದ್ದರೆ ಈಗಲೇ ಹರಿವೆ, ಬಸಳೆ ಹಾಕಿ. ಅವು ಸೆಕೆಗೆ ಹೆದರುವ ಜಾತಿಯಲ್ಲ, ಮಧ್ಯಾಹ್ನಕ್ಕೆ ಸ್ವಲ್ಪ ನೆರಳು ಸಿಕ್ಕರೆ ಸಾಕು. ತಾರಸಿ ಟ್ಯಾಂಕಿನ ನೀರನ್ನು ನೇರ ಕುಂಡಕ್ಕೆ ಬಿಡಬೇಡಿ, ಬೇರು ಬೆಂದುಹೋಗುತ್ತದೆ. ರಾತ್ರಿ ಬಕೆಟಿನಲ್ಲಿ ಹಿಡಿದಿಟ್ಟು ಬೆಳಗ್ಗೆ ಹಾಕಿ. ಎ.ಸಿ. ಪೈಪಿನ ನೀರೂ ಆಗುತ್ತದೆ, ಅದರಲ್ಲಿ ಉಪ್ಪಿನಂಶ ಇಲ್ಲ. ಮಣ್ಣಿಗೆ ಮಾತ್ರ ಕಾಂಪೋಸ್ಟ್ ಧಾರಾಳವಾಗಿ ಸೇರಿಸಿ, ಇಲ್ಲಿಯ ಮರಳಿನಲ್ಲಿ ನೀರು ನಿಲ್ಲುವುದಿಲ್ಲ. ಒಮ್ಮೆ ಶುರುವಾದ ಮೇಲೆ ಹದಿನೈದು ದಿನಕ್ಕೊಂದು ಕುಂಡದ ಹಾಗೆ ಮಾರ್ಚ್‌ವರೆಗೂ ಬಿತ್ತುತ್ತಾ ಹೋಗಬಹುದು.